ಸೈನಿಕರ ಮನೆಯ ಪ್ರಶ್ನೆಗಳು: ಮೊಣಕಾಲು, ರೈಲು ಮತ್ತು ಕುಮ್ಕಿ ಜಾಗ

ಪ್ರಶ್ನೆ: ನನ್ನ ಮಗ ಅಗ್ನಿವೀರನಾಗಿ ಸೇರಿ ಎರಡು ವರ್ಷ ಕಳೆದಿದೆ, ಈಗ ಲಡಾಖಿನಲ್ಲಿದ್ದಾನೆ. ಓಟದ ಅಭ್ಯಾಸದಲ್ಲಿ ಬಿದ್ದು ಮೊಣಕಾಲು ಊದಿಕೊಂಡರೂ ಅವನು ಅಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನಾಲ್ಕು ವರ್ಷದ ನಂತರ ತನ್ನನ್ನು ಉಳಿಸಿಕೊಳ್ಳುವುದಿಲ್ಲ ಎನ್ನುತ್ತಾನೆ. ರಜೆಯಲ್ಲಿ ಬಂದಾಗ ಎಣ್ಣೆ ತಿಕ್ಕಿ ಕಳುಹಿಸಿದೆವು. ನಾವು ಮಾಡಿದ್ದು ಸರಿಯೇ?
– ಹೆಬ್ರಿಯ ಒಬ್ಬ ತಾಯಿ

ಉತ್ತರ: ಅಮ್ಮ, ಎಣ್ಣೆ ತಿಕ್ಕಿದ್ದರಲ್ಲಿ ತಪ್ಪಿಲ್ಲ, ಆದರೆ ಎಣ್ಣೆಯಲ್ಲೇ ಮುಗಿಸಿದ್ದು ಸರಿಯಾಗಲಿಲ್ಲ. ನಿಮ್ಮ ಮಗನ ಅಂಜಿಕೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ನಾಲ್ಕು ವರ್ಷ ಮುಗಿಸಿದವರಲ್ಲಿ ಕಾಯಂ ಸೇವೆಗೆ ತೆಗೆದುಕೊಳ್ಳುವುದು ಶೇಕಡಾ 25ರಷ್ಟು ಮಂದಿಯನ್ನು ಮಾತ್ರ. ನಾಲ್ವರಲ್ಲಿ ಒಬ್ಬನಿಗೆ ಜಾಗವಿರುವಲ್ಲಿ ಕುಂಟುತ್ತಿದ್ದೇನೆಂದು ಮೊದಲು ಬಾಯಿಬಿಡಲು ಯಾವ ಹುಡುಗನಿಗೂ ಮನಸ್ಸು ಬಾರದು. ಯೋಜನೆಯ ಈ ಅಂಶವೇ ಗಾಯವನ್ನು ಮುಚ್ಚಿಡಲು ದೂಡುತ್ತದೆಂಬುದು ನನ್ನ ಅಭಿಪ್ರಾಯ. ಸಿಕ್ ರಿಪೋರ್ಟ್ ಮಾಡುವವನನ್ನು, ಅಂದರೆ ಹುಷಾರಿಲ್ಲವೆಂದು ವರದಿ ಮಾಡುವವನನ್ನು, ಬ್ಯಾರಕ್ಕಿನಲ್ಲಿ 'ಕಾಮ್‌ಚೋರ್' (ಕೆಲಸಗಳ್ಳ) ಎಂದು ಹಂಗಿಸುವ ಚಾಳಿಯಂತೂ ಅಗ್ನಿಪಥಕ್ಕಿಂತ ಬಹಳ ಹಳೆಯದು.

ಆದರೂ ಅವನು ಎಮ್‌ಐ ರೂಮಿಗೆ, ಅಂದರೆ ಘಟಕದ ವೈದ್ಯಕೀಯ ತಪಾಸಣಾ ಕೊಠಡಿಗೆ, ಹೋಗಿ ವೈದ್ಯಾಧಿಕಾರಿಗೆ ಕಾಲು ತೋರಿಸಲೇಬೇಕು, ಏಕೆಂದರೆ ಪೆಟ್ಟು ಕರ್ತವ್ಯದಲ್ಲಿದ್ದಾಗಲೇ ಆಯಿತೆಂದು ಹೇಳುವ ಇಂಜ್ಯುರಿ ರಿಪೋರ್ಟ್, ಅಂದರೆ ಐಎಎಫ್‌ವೈ 2006 ಎಂಬ ನಮೂನೆ, ಆಯಾ ಕಾಲದಲ್ಲೇ ತುಂಬಿಸಿಕೊಳ್ಳಬೇಕಾದ ಕಾಗದ. ಸೇವೆಯ ಕಾರಣದಿಂದ ಅಂಗವೈಕಲ್ಯ ಉಂಟಾದ ಅಗ್ನಿವೀರನಿಗೆ ಅದರ ಪ್ರಮಾಣ 100, 75 ಅಥವಾ 50 ಶೇಕಡಾ ಎಂದು ನಿರ್ಧಾರವಾದಂತೆ ಕ್ರಮವಾಗಿ 44, 25 ಅಥವಾ 15 ಲಕ್ಷ ರೂಪಾಯಿಯ ಒಂದೇ ಗಂಟಿನ ಪರಿಹಾರವಿದೆ. ಅವನಿಗೆ ಪಿಂಚಣಿ ಇಲ್ಲದಿರುವುದರಿಂದ ಮುಂದೆ ಆ ಕಾಲು ಕೈಕೊಟ್ಟರೆ ಆಧಾರವಾಗಿ ಉಳಿಯುವುದು ಇದೊಂದೇ. ಇಂದು ದಾಖಲಾಗದ ಗಾಯವನ್ನು ಎರಡು ವರ್ಷದ ಬಳಿಕ ವೈದ್ಯಕೀಯ ಮಂಡಳಿಯ ಮುಂದಿಟ್ಟರೆ, ಅದು ಊರಿನ ವಾಲಿಬಾಲ್ ಪಂದ್ಯದಲ್ಲಿ ಆದದ್ದಲ್ಲವೆಂದು ತೋರಿಸುವುದಾದರೂ ಹೇಗೆ?

ಕಾಯಂ ಸೈನಿಕರ ಅಂಗವೈಕಲ್ಯ ಪಿಂಚಣಿಯ ಬಗ್ಗೆ ಸುಪ್ರೀಂ ಕೋರ್ಟು 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನಪಾಗುತ್ತದೆ. ಸುಮಾರು ಒಂಬತ್ತು ವರ್ಷ ದುಡಿದ ಮೇಲೆ ಅಪಸ್ಮಾರ ಕಾಣಿಸಿಕೊಂಡು ಮನೆಗೆ ಕಳುಹಿಸಲ್ಪಟ್ಟ ಸೈನಿಕ ಅವರು. ರೋಗ ಹುಟ್ಟಿನಿಂದಲೇ ಇತ್ತೆಂಬ ನೆಪದಲ್ಲಿ ಪಿಂಚಣಿ ನಿರಾಕರಿಸಲಾಗಿತ್ತು. ಸೇರುವಾಗ ವೈದ್ಯರು ಯಾವ ದೋಷವನ್ನೂ ಬರೆದಿಡದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಕಾಯಿಲೆ ಸೇವೆಯಿಂದ ಬಂದದ್ದಲ್ಲವೆಂದು ತೋರಿಸುವ ಹೊಣೆ ಇಲಾಖೆಯದೇ, ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು. ಅಂಗವೈಕಲ್ಯ ಪಿಂಚಣಿಯ ನಿಯಮಗಳು 2023ರಲ್ಲಿ ಪರಿಷ್ಕೃತಗೊಂಡಿವೆ. ಹಾಗಾಗಿ ಹಳೆಯ ತೀರ್ಪೊಂದನ್ನೇ ನೆಚ್ಚಿ ಕುಳಿತುಕೊಳ್ಳದೆ ಕಾಗದವನ್ನೂ ಕೈಯಲ್ಲಿಟ್ಟುಕೊಳ್ಳುವುದು ಲೇಸು.

ಮೊಣಕಾಲಿನಷ್ಟೇ ನನ್ನನ್ನು ಚಿಂತೆಗೀಡುಮಾಡಿದ್ದು ಅವನು ಲಡಾಖಿನಲ್ಲಿದ್ದಾನೆಂಬ ಸಂಗತಿ. ನಮ್ಮ ಕುದುರೆಮುಖದ ತುದಿಯೇ 1,900 ಮೀಟರ್ ಮುಟ್ಟುವುದಿಲ್ಲ. ಸೇನೆಯ ಕ್ರಮದಲ್ಲಿ 2,700 ಮೀಟರಿನಿಂದ ಮೇಲಕ್ಕೆ ಹೋಗುವವರು ಮೊದಲ ಹಂತದಲ್ಲಿ ಆರು ದಿನ, 3,600 ಮೀಟರ್ ದಾಟಿದಾಗ ನಾಲ್ಕು ದಿನ, 4,500 ದಾಟಿದಾಗ ಮತ್ತೆ ನಾಲ್ಕು ದಿನ ದೇಹವನ್ನು ಹೊಂದಿಸಿಕೊಳ್ಳಬೇಕು. ಮನೆಯಲ್ಲಿ ದೀರ್ಘ ರಜೆ ಕಳೆದು ಮರಳಿದವನೂ ಪುನಃ ಹೊಂದಿಕೊಳ್ಳಬೇಕಾಗುತ್ತದೆ. ಆ ದಿನಗಳಲ್ಲಿ ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಕೆಮ್ಮು ನಿಲ್ಲದಿದ್ದರೆ, ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆಯಾಗಿರಬಹುದು; ಕೂಡಲೇ ಹೇಳಿದವನನ್ನು ಕೆಳಗಿಳಿಸಿ ಉಳಿಸಿಕೊಳ್ಳಬಹುದು. ಮೊಣಕಾಲನ್ನು ಮುಚ್ಚಿಟ್ಟು ರೂಢಿಯಾದವನು ಉಸಿರನ್ನೂ ಮುಚ್ಚಿಡುತ್ತಾನೆಂಬುದು ನನ್ನ ಭಯ.

ಹೊಣೆಯೆಲ್ಲ ಹುಡುಗನದೇ ಎಂದು ಇದರ ಅರ್ಥವಲ್ಲ. ಲಡಾಖ್, ಸಿಯಾಚಿನ್‌ಗಳ ಸೈನಿಕರಿಗೆ ಹಿಮದ ಕನ್ನಡಕ, ಬೂಟುಗಳಂಥ ಸಾಮಗ್ರಿಗಳ ಕೊರತೆ ಇದ್ದುದನ್ನು ಮಹಾಲೇಖಪಾಲರ ವರದಿಯೇ 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟಿತ್ತು. ಒಬ್ಬನಿಂದ ಪರಿಹಾರವಾಗದ ಇಂತಹ ದೂರುಗಳನ್ನು ಹೇಳಲು ಘಟಕದಲ್ಲಿ ಸೈನಿಕ ಸಮ್ಮೇಳನವಿದೆ. ಅಧಿಕಾರಿಗಳಲ್ಲದವರು ಮೇಲಿನವರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು 1950ರ ಸೇನಾ ಕಾಯ್ದೆಯ 26ನೇ ಕಲಮೇ ಕೊಟ್ಟಿದೆ.

ಪ್ರಶ್ನೆ: ನನ್ನ ತಮ್ಮ ಹವಾಲ್ದಾರ. ರಜೆಗೆಂದು ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಇಳಿಯುವಾಗ ಬಿದ್ದು ಅವನ ಕೈ ಮುರಿಯಿತು. ಟಿಕೆಟು ಸ್ವಂತ ಹಣದ್ದು. ರಜೆಯಲ್ಲಾದದ್ದಕ್ಕೆ ಸೇನೆಗೆ ಸಂಬಂಧವಿಲ್ಲವೆನ್ನುತ್ತಾರಲ್ಲ?
– ಒಬ್ಬ ಓದುಗರು, ಮಲ್ಪೆ

ಉತ್ತರ: ಹೀಗೆ ಹೇಳುವವರು ಅರ್ಧ ಮಾತ್ರ ಬಲ್ಲವರು. ಹೆಚ್ಚುಕಡಿಮೆ ಇದೇ ಘಟನೆ 1999ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ರಜೆಗೆ ಊರಿಗೆ ಹೊರಟು, ಸ್ವಂತ ಖರ್ಚಿನಲ್ಲಿ ಪ್ರಯಾಣಿಸಿ, ರೈಲಿನಿಂದ ಇಳಿಯುವಾಗ ಗಾಯಗೊಂಡ ಮದನ್ ಸಿಂಗ್ ಶೇಖಾವತ್ ಅವರಿಗೆ ಅಂಗವೈಕಲ್ಯ ಪಿಂಚಣಿ ಸಲ್ಲಬೇಕೆಂದು ತೀರ್ಪಾಯಿತು. ಟಿಕೆಟಿನ ಹಣ ಯಾರದೆಂಬುದು ಮುಖ್ಯವಾಗಲಿಲ್ಲ. ಆದರೆ ಮನೆ ತಲುಪಿ, ರಜೆಯ ನಡುವೆ ಸ್ವಂತ ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗಿ ಬಿದ್ದರೆ ವಿಷಯ ಬೇರೆ. ಅಂಥದೇ ಆದ 2011ರ ಜುಝಾರ್ ಸಿಂಗ್ ಪ್ರಕರಣದಲ್ಲಿ ಪರಿಹಾರ ದೊರೆಯಲಿಲ್ಲ. ನಿಮ್ಮ ತಮ್ಮ ರಜೆಯ ಪತ್ರ, ಟಿಕೆಟು, ಆಸ್ಪತ್ರೆಯ ಚೀಟಿಗಳನ್ನೆಲ್ಲ ಜೋಪಾನವಾಗಿಟ್ಟು ಘಟಕಕ್ಕೆ ತಡಮಾಡದೆ ಬರೆಯಲಿ, ಸಾಧ್ಯವಾದರೆ ಕಾರವಾರದಲ್ಲಿರುವ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ತೋರಿಸಲಿ. ಘಟಕ ಒಪ್ಪದಿದ್ದರೆ ಕರ್ನಾಟಕದವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠವಿದೆ.

ಪ್ರಶ್ನೆ: ನನ್ನ ಯಜಮಾನರು ಗಡಿಯಲ್ಲಿದ್ದಾರೆ. ಇಲ್ಲಿ ನೆರೆಯವರು ನಮ್ಮ ವರ್ಗ ಜಾಗಕ್ಕೂ (ಸ್ವಂತ ಪಟ್ಟಾ ಜಮೀನು) ಅದಕ್ಕೆ ತಾಗಿದ ಕುಮ್ಕಿಗೂ ಬೇಲಿ ಹಾಕಿ ದಾವೆಯನ್ನೂ ಹೂಡಿದ್ದಾರೆ. ಯಜಮಾನರು ರಾತ್ರಿ ನಿದ್ದೆ ಮಾಡುವುದಿಲ್ಲ, ಫೋನಿನಲ್ಲಿ ಅದೇ ಮಾತು.
– ಒಬ್ಬ ಗೃಹಿಣಿ, ಬೆಳ್ತಂಗಡಿ

ಉತ್ತರ: ಜಾಗದ ತಕರಾರು ಗಡಿಯಲ್ಲಿರುವವನ ತಲೆಯೊಳಗೆ ಹೊಕ್ಕರೆ ಬಂದೂಕು ಹಿಡಿದ ಕೈ ಎಷ್ಟು ಅಲುಗುತ್ತದೆಂದು ಬ್ರಿಟಿಷರಿಗೂ ಗೊತ್ತಿತ್ತು. ಅವರು 1925ರಲ್ಲಿ ಮಾಡಿದ ಸೈನಿಕರ ದಾವೆಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವ ಸೈನಿಕನ ಪರವಾಗಿ ನಿಲ್ಲುವವರಿಲ್ಲದಿದ್ದಾಗ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳು ವಿಚಾರಣೆಯನ್ನು ತಡೆಹಿಡಿಯಬೇಕೆನ್ನುತ್ತದೆ ಅದು. ದಾವೆಯ ಸಮನ್ಸಿನ ಪ್ರತಿಯನ್ನು ಇದೇ ವಾರ ಅವರ ಕಮಾಂಡಿಂಗ್ ಆಫೀಸರಿಗೆ ಕಳುಹಿಸಿ. ಅಲ್ಲಿಂದ ಜಿಲ್ಲಾಧಿಕಾರಿಗಳಿಗೆ ಪತ್ರ ಬರುವಂತೆ ಕೇಳಿಕೊಂಡು, ಒಂದು ಪ್ರತಿಯನ್ನು ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಗೂ ಕೊಡಿ. ಕುಮ್ಕಿ ಸರ್ಕಾರಿ ಜಾಗವೇ ಆಗಿದ್ದು ನಿಮಗಿರುವುದು ಅದರ ಅನುಭೋಗದ ಸವಲತ್ತು ಮಾತ್ರವಾದ್ದರಿಂದ, ವಕೀಲರು ವರ್ಗದ ಗಡಿಯ ಪ್ರಶ್ನೆಯನ್ನು ಬೇರೆಯಾಗಿ ಎತ್ತುವುದು ಒಳ್ಳೆಯದು.

ನಿದ್ದೆಯ ವಿಷಯವನ್ನು ಮಾತ್ರ ದಾವೆ ಮುಗಿಯುವವರೆಗೆ ಮುಂದೂಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸೈನಿಕರು ಮತ್ತು ಅವರ ಕುಟುಂಬದವರಿಗೆಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕವೂ ಆರಂಭವಾಗಿದೆ. ಮೊದಲು ನೀವೇ ಕರೆ ಮಾಡಿ. ಫೋನಿನಲ್ಲಿ ಯಜಮಾನರೊಡನೆ ಯಾವ ಮಾತು ಎತ್ತಬೇಕು, ಯಾವುದನ್ನು ರಜೆಯವರೆಗೆ ತಡೆದಿಡಬೇಕು ಎಂಬುದನ್ನು ಸಹಾಯವಾಣಿಯವರಲ್ಲೇ ಕೇಳಿಕೊಳ್ಳಿ.