ಮಿನಿಯೇಚರ್ ಕೊಳ್ಳದೆ ಸ್ಟೀಮ್‌ಪಂಕ್ ವಾರ್‌ಗೇಮ್: ಪ್ರತಿಕ್ರಿಯೆ

ದಾವಣಗೆರೆಯಲ್ಲಿದ್ದುಕೊಂಡು, ದುಬಾರಿ ಮಿನಿಯೇಚರ್ (ಆಟದ ಪುಟ್ಟ ಬೊಂಬೆ) ಕೊಳ್ಳದೆ ಸ್ಟೀಮ್‌ಪಂಕ್ ವಾರ್‌ಗೇಮ್, ಅಂದ್ರೆ ಹಬೆಯಂತ್ರಗಳ ಕಾಲದ ಕಲ್ಪನೆಯಲ್ಲಿ ಮೇಜಿನ ಮೇಲೆ ಆಡೋ ಯುದ್ಧದಾಟ, ಶುರು ಮಾಡೋಕಾಗುತ್ತಾ, ಮೊದಲು ಏನು ಓದಲಿ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ ಸರ್. ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಕಾದಂಬರಿ ಓದಿ. ಅದರ ಥಂಡರ್ ಚೈಲ್ಡ್ ಅಧ್ಯಾಯ ಸಿದ್ಧವಾಗಿರೋ ಆಟವೇ: ಮಂಗಳ ಗ್ರಹದವರ ಮೂರು ಮುಕ್ಕಾಲಿ ಯಂತ್ರ, ಎದುರಿಗೆ ಥಂಡರ್ ಚೈಲ್ಡ್ ಅನ್ನೋ ಒಂಟಿ ಯುದ್ಧನೌಕೆ, ಹಿಂದೆ ಜನರನ್ನು ತುಂಬಿಕೊಂಡು ತಪ್ಪಿಸಿಕೊಳ್ಳುತ್ತಿರೋ ಸ್ಟೀಮರ್. ನೌಕೆ ಗುಂಡು ಹಾರಿಸದೆ ನೇರ ನುಗ್ಗುತ್ತೆ. ಇದೇನು ಅಂತ ಮಂಗಳದವರಿಗೆ ಗೊತ್ತಾಗದ್ದಕ್ಕೇ ಅಷ್ಟು ಹತ್ತಿರ ಹೋಗುತ್ತೆ. ಎಂಥಾ ಧೈರ್ಯ! ಅದನ್ನೇ ನಿಯಮ ಮಾಡಿ: ನೌಕೆ ಫಿರಂಗಿ ಹಾರಿಸೋವರೆಗೆ ಅಥವಾ ಒಂದು ಗೇಣು ಹತ್ತಿರ ಬರೋವರೆಗೆ ಮಂಗಳದವರು ತಮ್ಮ ಆಯುಧವಾದ ಶಾಖಕಿರಣ ಬಿಡುವಂತಿಲ್ಲ.

ಒಂದೊಂದು ಮುಕ್ಕಾಲಿ ಯಂತ್ರಕ್ಕೆ ಮೂರು ಪೊರಕೆ ಕಡ್ಡಿ, ಒಂದು ಬಾಟಲಿ ಮುಚ್ಚಳ ಸಾಕು. ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ತಾಮ್ರದ ಬಣ್ಣದ ಬ್ರಷ್ಷನ್ನು ಬಟ್ಟೆಗೆ ಚೆನ್ನಾಗಿ ಒರೆಸಿ ಅಂಚುಗಳಿಗಷ್ಟೇ ಸವರಿ. ಹಳೇ ಲೋಹದ ಹಾಗೇ ಕಾಣುತ್ತೆ. ವಿದ್ಯಾನಗರದ ಕಡೆ ಇದ್ದರೆ ಹೇಳಿ, ಒಂದು ಭಾನುವಾರ ಕೂತು ಆಡೋಣ.