ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಬರ್ತಿದೀವಿ, ಕ್ರಿಸ್‌ಮಸ್ ಲೈಟಿಂಗ್ ಜೊತೆ ಹಕ್ಕಿ ಪ್ರಾಣಿ ಏನಾದ್ರೂ ನೋಡೋಕೆ ಸಿಗುತ್ತಾ?

ಸಿಗುತ್ತೆ, ನೀವು ಅಂದ್ಕೊಂಡಿರೋದಕ್ಕಿಂತ ಜಾಸ್ತಿನೇ ಸಿಗುತ್ತೆ. "ಮಗಳಿಗೆ ಹಕ್ಕಿ ಅಂದ್ರೆ ಪ್ರಾಣ, ಆದ್ರೆ ಆ ಚಳಿಗೆ ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹೋಗಿಬಿಟ್ಟಿರ್ತಾವಲ್ವಾ" ಅಂತ ಬರೆದಿದೀರಲ್ಲ, ಅದನ್ನ ಓದಿಯೇ ಉತ್ತರ ಬರೆಯೋಣ ಅನ್ನಿಸ್ತು. ಹೋಗೋವು ಹೋಗಿರ್ತಾವೆ ನಿಜ, ಆದ್ರೆ ಕೆನಡಾ ಕಾಡುಗಳಲ್ಲಿ ಮರಿ ಮಾಡೋ ಹಕ್ಕಿಗಳಿಗೆ ನ್ಯೂಯಾರ್ಕೇ ದಕ್ಷಿಣ! ಅವು ಚಳಿ ಕಳೆಯೋಕೆ ಬರೋದೇ ಇಲ್ಲಿಗೆ. ಮರದಲ್ಲಿ ಎಲೆ ಇರಲ್ಲ, ಹಾಗಾಗಿ ಬೇಸಿಗೆಯಲ್ಲಿ ಬರೀ ಸದ್ದು ಕೇಳಿಸಿ ಮಾಯ ಆಗೋ ಹಕ್ಕಿ ಈಗ ಬೋಳು ಕೊಂಬೆ ಮೇಲೆ ಕಣ್ಣೆದುರೇ ಕೂತಿರುತ್ತೆ. ನಾನು ಸುಮಾರು ವರ್ಷದಿಂದ ಪ್ರತಿ ಡಿಸೆಂಬರ್ ಬೈನಾಕ್ಯುಲರ್ ಹಾಕ್ಕೊಂಡು ತಿರುಗ್ತೀನಿ, ನನಗಂತೂ ಈ ಊರು ಇಷ್ಟ ಆಗೋದೇ ಈ ಕಾಲದಲ್ಲಿ.

ಲೈಟಿಗೊಂದು ದಿನ ಹಕ್ಕಿಗೊಂದು ದಿನ ಅಂತ ಬೇರೆ ಬೇರೆ ಮಾಡ್ಕೋಬೇಡಿ, ಎರಡನ್ನೂ ಒಂದೇ ದಿನಕ್ಕೆ ಸೇರಿಸಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ, ಹಕ್ಕಿ ನೋಡೋದು ಮುಗಿಯೋ ಹೊತ್ತಿಗೆ ದೀಪ ಹತ್ತಿರುತ್ತೆ. ರಾಕ್‌ಫೆಲರ್ ಸೆಂಟರ್ ಕ್ರಿಸ್‌ಮಸ್ ಮರವನ್ನ ಮಾತ್ರ ದಯವಿಟ್ಟು ಸಂಜೆ ನೋಡೋಕೆ ಹೋಗಬೇಡಿ, ಮಗು ಕರ್ಕೊಂಡು ಆ ಜನಜಂಗುಳಿಯಲ್ಲಿ ನಿಂತ್ಕೊಳ್ಳೋಕೂ ಆಗಲ್ಲ. ಬೆಳಗಿನ ಜಾವವೇ ಮರದ ಲೈಟ್ ಹಾಕಿರ್ತಾರೆ, ಆರು ಗಂಟೆಗೆ ಹೋದ್ರೆ ಹೆಚ್ಚು ಜನ ಇರಲ್ಲ, ಕತ್ತಲು ಬೇರೆ ಇರುತ್ತೆ, ಆರಾಮಾಗಿ ನೋಡಿ ಹಾಗೇ ಉತ್ತರಕ್ಕೆ ಹತ್ತು ಬ್ಲಾಕ್ ನಡೆದ್ರೆ ಸೆಂಟ್ರಲ್ ಪಾರ್ಕ್, ಅಷ್ಟೊತ್ತಿಗೆ ಬೆಳಕು ಹರಿಯೋಕೆ ಶುರುವಾಗಿರುತ್ತೆ. ಮಗಳಿಗೆ ಆ ಮರದ ಮುಂದೆ ನಿಲ್ಲಿಸಿ ಒಂದು ನಿಜವಾದ ಕಥೆ ಹೇಳಿ: 2020ರ ನವೆಂಬರ್‌ನಲ್ಲಿ ಓನಿಯಾಂಟಾ ಅನ್ನೋ ಊರಿಂದ ಲಾರಿಯಲ್ಲಿ ತಂದ ಮರದೊಳಗೆ ಒಂದು ಪುಟಾಣಿ ಗೂಬೆ ಸಿಕ್ಕಿತ್ತು, ಸಾ-ವೆಟ್ ಅನ್ನೋ ಜಾತಿ, ನಿಂತ್ರೆ ಗೇಣುದ್ದ ಅಷ್ಟೇ. ಮರ ಕಡಿದು, ಸುತ್ತಿ ಕಟ್ಟಿ, ಅಷ್ಟು ದೂರ ತಂದ್ರೂ ಅದು ಒಳಗೇ ಇತ್ತು. ರಾಕಿ ಅಂತ ಹೆಸರಿಟ್ಟು, ವನ್ಯಜೀವಿ ಆರೈಕೆ ಕೇಂದ್ರದಲ್ಲಿ ಊಟ ಹಾಕಿ ನೋಡ್ಕೊಂಡು, ಅದೇ ತಿಂಗಳ 24ಕ್ಕೆ ಕಾಡಿಗೆ ಬಿಟ್ರು.

ಪಾರ್ಕಲ್ಲಿ ಮೊದಲು ರಾಂಬಲ್ ಅನ್ನೋ ಕಾಡಿನಂಥ ಭಾಗದ ಕಡೆ ಹೋಗಿ, ಅಲ್ಲಿ ಚಳಿಗಾಲದಲ್ಲಿ ಕಾಳು ತುಂಬಿಸಿದ ಫೀಡರ್ ನೇತು ಹಾಕಿರೋ ಜಾಗ ಇದೆ, ಇವೋಡಿಯಾ ಫೀಲ್ಡ್ ಅಂತಾರೆ. ಸುಮ್ನೆ ಹತ್ತು ನಿಮಿಷ ಅಲ್ಲಾಡದೆ ನಿಂತ್ರೆ ಸಾಕು. ಚಿಕಡೀ ಅನ್ನೋ ಕಪ್ಪು ಟೋಪಿ ಹಕ್ಕಿ ಒಂದು ಕಾಳು ಎತ್ಕೊಂಡು ಕೊಂಬೆಗೆ ಹೋಗಿ, ಎರಡು ಕಾಲಲ್ಲೂ ಒತ್ತಿ ಹಿಡಿದು ಟಕ್ ಟಕ್ ಅಂತ ಒಡೆದು ತಿನ್ನುತ್ತೆ, ಆ ಸದ್ದು ನಿಮಗೇ ಕೇಳಿಸುತ್ತೆ. ಕೆಂಪು ಕಾರ್ಡಿನಲ್ ಹಿಮದ ಮೇಲೆ ಇಳಿದ್ರೆ ಮಗಳು ಅದನ್ನ ಜನ್ಮದಲ್ಲಿ ಮರೆಯಲ್ಲ. ಇದ್ದಕ್ಕಿದ್ದಂಗೆ ಎಲ್ಲಾ ಹಕ್ಕಿ ಒಟ್ಟಿಗೆ ಗಪ್‌ಚುಪ್ ಆದ್ರೆ ಮೇಲೆ ನೋಡಿ, ಗಿಡುಗ ಬಂದಿರುತ್ತೆ.

ಅಲ್ಲಿಂದ ರಿಸರ್ವಾಯರ್, ಅಂದ್ರೆ ಪಾರ್ಕೊಳಗಿನ ದೊಡ್ಡ ಕೆರೆ. ಇದು ನನ್ನ ಅಚ್ಚುಮೆಚ್ಚಿನ ಜಾಗ, ಸುತ್ತ ಎರಡೂವರೆ ಕಿಲೋಮೀಟರ್ ದಾರಿ ಇದೆ, ನೀರು ಹೆಪ್ಪುಗಟ್ಟದೆ ಇದ್ರೆ ಥರಾವರಿ ಬಾತುಗಳು ಇರ್ತಾವೆ. ಶೊವೆಲರ್ ಅಂತ ಒಂದಿದೆ, ಕೊಕ್ಕು ಸಲಿಕೆ ಥರ ಅಗಲ, ಅವು ಹತ್ತು ಹದಿನೈದು ಸೇರ್ಕೊಂಡು ತಲೆ ನೀರಲ್ಲಿ ಅದ್ದಿ ಗಾಣದೆತ್ತಿನ ಥರ ಸುತ್ತು ಹೊಡೀತಾ ಇರ್ತಾವೆ. ಮೊದಲನೇ ಸಲ ನೋಡಿದಾಗ ಹಕ್ಕಿಗಳಿಗೆ ಏನೋ ಕಾಯಿಲೆ ಬಂದಿದೆ ಅಂತ ನಾನು ಗಾಬರಿಯಾಗಿದ್ದೆ, ಆಮೇಲೆ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ರು ತಿಳಿಸಿ ಹೇಳಿದ್ರು, ಹಾಗೆ ಸುತ್ತಿದ್ರೆ ನೀರು ಕದಡಿ ಕೆಳಗಿನ ಸಣ್ಣ ಸಣ್ಣ ಜೀವಿಗಳು ಮೇಲೆ ಬರ್ತಾವೆ, ಕೊಕ್ಕಿನ ಅಂಚಲ್ಲಿ ಬಾಚಣಿಗೆ ಹಲ್ಲಿನ ಥರ ಇರುತ್ತೆ, ಅದರಲ್ಲಿ ಸೋಸಿ ತಿಂತಾವೆ ಅಂತ. ಒಂದು ಮುಂದಿನದರ ಹಿಂದೆ, ಅದು ಇನ್ನೊಂದರ ಹಿಂದೆ, ಒಬ್ಬರು ಕದಡಿದ್ದನ್ನ ಇನ್ನೊಬ್ಬರು ತಿನ್ನೋದು. ನಾನು ಅವತ್ತು ಕೈ ಮರಗಟ್ಟೋವರೆಗೂ ನಿಂತಿದ್ದೆ.

ನಿಮ್ಮ ತಾರೀಖು ಹೊಂದಿದ್ರೆ ಕ್ರಿಸ್‌ಮಸ್ ಬರ್ಡ್ ಕೌಂಟ್‌ಗೆ, ಅಂದ್ರೆ ಎಲ್ಲರೂ ಸೇರಿ ಹಕ್ಕಿ ಎಣಿಸೋ ಕಾರ್ಯಕ್ರಮಕ್ಕೆ, ಹೆಸರು ಕೊಡಿ. ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರೊಳಗೆ ನಡೆಯುತ್ತೆ, ಆದ್ರೆ ಒಂದೊಂದು ಜಾಗಕ್ಕೆ ಒಂದೇ ದಿನ, ಸೆಂಟ್ರಲ್ ಪಾರ್ಕಿಂದು ಸಾಮಾನ್ಯವಾಗಿ ಶುರುವಲ್ಲೇ ಬಂದುಬಿಡುತ್ತೆ, ಮೊದಲೇ ನೋಡ್ಕೊಳ್ಳಿ. ಹಿಂದೆ ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಕೊಂಡು ಯಾರು ಜಾಸ್ತಿ ಹಕ್ಕಿ ಪ್ರಾಣಿ ಹೊಡೀತಾರೆ ಅಂತ ಬೇಟೆ ಪಂದ್ಯ ಆಡ್ತಿದ್ರಂತೆ, 1900ರಲ್ಲಿ ಫ್ರಾಂಕ್ ಚಾಪ್‌ಮನ್ ಅನ್ನೋ ಪಕ್ಷಿತಜ್ಞರು ಕೊಲ್ಲೋ ಬದಲು ಎಣಿಸೋಣ ಅಂತ ಕರೆ ಕೊಟ್ರು. ಮೊದಲ ವರ್ಷ ಎಣಿಸಿದ್ದು 27 ಜನ, 25 ಜಾಗದಲ್ಲಿ, ಅದರಲ್ಲಿ ಸೆಂಟ್ರಲ್ ಪಾರ್ಕೂ ಒಂದು. ಅವತ್ತಿನಿಂದ ಇವತ್ತಿನವರೆಗೂ ನಡೀತಿದೆ. ಹಬ್ಬದಲ್ಲಿ ಇದಕ್ಕಿಂತ ಒಳ್ಳೆ ಆಚರಣೆ ನನಗೆ ಗೊತ್ತಿಲ್ಲ, ಹೊಸಬರನ್ನೂ ಖುಷಿಯಿಂದ ಸೇರಿಸ್ಕೋತಾರೆ.

ಎರಡನೇ ದಿನ ಬ್ರೂಕ್ಲಿನ್. ಮಧ್ಯಾಹ್ನ ಮೇಲೆ ಸಬ್‌ವೇಯ ಆರ್ (R) ಟ್ರೈನ್ ಹತ್ತಿ 25ನೇ ಸ್ಟ್ರೀಟ್‌ನಲ್ಲಿ ಇಳೀರಿ, ಸ್ವಲ್ಪ ನಡೆದ್ರೆ ಗ್ರೀನ್-ವುಡ್ ಸ್ಮಶಾನ. ಸ್ಮಶಾನ ಅಂತ ಹಿಂಜರಿಯಬೇಡಿ, 1838ರಿಂದ ಇರೋ ದೊಡ್ಡ ತೋಪಿನಂಥ ಜಾಗ ಅದು. ಅದರ ಹೆಬ್ಬಾಗಿಲಿನ ಗೋಪುರದಲ್ಲಿ ಹಸಿರು ಗಿಳಿಗಳು ಸಂಸಾರ ಮಾಡ್ತಿವೆ, ಮಾಂಕ್ ಪ್ಯಾರಕೀಟ್ ಅಂತ, ಮೂಲ ದಕ್ಷಿಣ ಅಮೆರಿಕ. ಕಡ್ಡಿ ಜೋಡಿಸಿ ಗೂಡು ಕಟ್ಟೋ ಗಿಳಿ ಇದೊಂದೇ, ವಠಾರದ ಥರ ಒಂದೇ ದೊಡ್ಡ ಗೂಡಲ್ಲಿ ಬೇರೆ ಬೇರೆ ಕೋಣೆ, ಆ ಬೆಚ್ಚನೆ ಗೂಡು ಇರೋದ್ರಿಂದಲೇ ಇಂಥ ಚಳಿ ತಡ್ಕೊಳ್ಳೋದು. ಸಂಜೆ ಆಗ್ತಿದ್ದಂಗೆ ಕಿರುಚಾಡ್ಕೊಂಡು ವಾಪಸ್ ಬರ್ತಾವೆ. ಅವು ಒಳಗೆ ಸೇರಿದ ಮೇಲೆ ಮತ್ತೆ ಅದೇ ಆರ್ ಟ್ರೈನ್ ಹಿಡಿದು 86ನೇ ಸ್ಟ್ರೀಟ್‌ಗೆ ಹೋಗಿ, ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ ನಡೆದ್ರೆ ಡೈಕರ್ ಹೈಟ್ಸ್ ಅನ್ನೋ ಬಡಾವಣೆ, ಮನೆ ಮನೆಗೂ ಲೈಟು, ಆಳೆತ್ತರದ ಬೊಂಬೆ. ಕ್ರಿಸ್‌ಮಸ್ ಹಿಂದಿನ ವಾರಾಂತ್ಯ ಬಿಟ್ಟು ಮಾಮೂಲಿ ವಾರದ ದಿನ ಹೋಗಿ.

ಗೂಬೆ ಕಂಡ್ರೆ ಒಂದು ಮಾತು ನೆನಪಿಡಿ, ಫ್ಲ್ಯಾಶ್ ಹಾಕಬೇಡಿ, ಮರದ ಕೆಳಗೆ ಹೋಗಬೇಡಿ, ಅದು ಕೂತಿರೋ ಜಾಗ ಯಾವುದು ಅಂತ ಆನ್‌ಲೈನ್‌ನಲ್ಲಿ ಎಲ್ಲೂ ಹಾಕಬೇಡಿ. ಹಗಲು ಅದಕ್ಕೆ ನಿದ್ದೆ ಹೊತ್ತು, ನಾಲ್ಕು ಸಲ ಎಬ್ಬಿಸಿದ್ರೆ ರಾತ್ರಿ ಬೇಟೆಗೆ ಶಕ್ತಿ ಇರಲ್ಲ. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದ್ರೆ ರೆಪ್ಪೆ ಮುಚ್ಚಿರೋದೂ ಕಾಣುತ್ತೆ, ಅಷ್ಟು ಸಾಕು.

ಸಮುದ್ರದ ಸೀಲ್‌ಗಳೂ ಚಳಿಗಾಲಕ್ಕೆ ಇಲ್ಲಿಗೆ ಬರ್ತಾವೆ, ಸ್ಟೇಟನ್ ಐಲ್ಯಾಂಡ್ ಆಚೆ ಸ್ವಿನ್‌ಬರ್ನ್ ಅನ್ನೋ ಪುಟ್ಟ ದ್ವೀಪದ ಬಂಡೆಗಳ ಮೇಲೆ ಬಿಸಿಲು ಕಾಯಿಸ್ತಾ ಮಲಗಿರ್ತಾವೆ, ಆದ್ರೆ ಅದಕ್ಕೆ ಬೇರೆ ಬೋಟೇ ಬೇಕು, ನಿಮಗಿರೋ ನಾಲ್ಕು ದಿನದಲ್ಲಿ ನಾನಾದ್ರೆ ಬಿಟ್ಟುಬಿಡ್ತೀನಿ. ಮಗಳಿಗೆ ಗ್ಲೌಸ್ ಎರಡು ಜೊತೆ ತನ್ನಿ, ಹಿಮ ಮುಟ್ಟಿ ಮುಟ್ಟಿ ಒಂದು ಜೊತೆ ಒದ್ದೆ ಆಗೇ ಆಗುತ್ತೆ.