ಉಚ್ಚಾರಣೆ ಪ್ರಶ್ನೋತ್ತರ: ‘ಯೆಗ್’, ‘ವೋಲ್ಡ್’ ತಿದ್ದುವುದು ಹೇಗೆ?

ಪ್ರಶ್ನೆ: ಜಗಳೂರು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದೇನೆ. ಎಂಟನೇ ತರಗತಿ ಮಕ್ಕಳು ಎಗ್‌ಗೆ ‘ಯೆಗ್’, ಓಲ್ಡ್‌ಗೆ ‘ವೋಲ್ಡ್’ ಅನ್ನುತ್ತಾರೆ. ವಾಕ್ ಎಂಬುದರ ಭೂತಕಾಲ ರೂಪವನ್ನು ‘ವಾಕೆಡ್’ ಎಂದು ಓದುತ್ತಾರೆ. ಹತ್ತು ಸಲ ಹೇಳಿಸಿದರೂ ಮತ್ತೆ ಅದೇ. ಏನು ಮಾಡಲಿ?

ಉತ್ತರ: ಹತ್ತು ಸಲ ಹೇಳಿಸಿದರೆ ‘ಯೆಗ್’ ಎಂಬುದೇ ಹತ್ತು ಸಲ ರೂಢಿಯಾಗುತ್ತದೆ, ಮೇಡಂ. ವ್ಯತ್ಯಾಸ ಇನ್ನೂ ಮಕ್ಕಳ ಕಿವಿಗೆ ಬಿದ್ದಿಲ್ಲ. ನಾವು ‘ಎಣ್ಣೆ’ ಎಂದು ಬರೆದು ‘ಯೆಣ್ಣೆ’ ಅನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಅನ್ನುತ್ತೇವೆ. ಕನ್ನಡದಲ್ಲಿ ಅದರಿಂದ ಅರ್ಥ ಕೆಡುವುದಿಲ್ಲ, ಆದ್ದರಿಂದ ಕಿವಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಇಂಗ್ಲಿಷಿನಲ್ಲಿ ಕೆಡುತ್ತದೆ: ಇಯರ್ ಅಂದರೆ ಕಿವಿ, ಯಿಯರ್ ಅಂದರೆ ವರ್ಷ, ಓಕ್ ಒಂದು ಮರ, ವೋಕ್ ಅಂದರೆ ಎಚ್ಚರವಾದ. ಮೊದಲ ಎರಡು ದಿನ ಈ ಜೋಡಿಗಳನ್ನು ನೀವು ಹೇಳಿ, ಮಕ್ಕಳು ಕೇಳಿ ಬೆರಳೆತ್ತಲಿ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಬಾಯಿ ತೆರೆಸುವುದು ಆಮೇಲೆ.

ಬೇಕಾದ ಶುದ್ಧ ‘ಎ’ ಅವರ ಬಾಯಲ್ಲಿ ಆಗಲೇ ಇದೆ. ದಾವಣಗೆರೆಯ ಮಕ್ಕಳಿಗೆ ‘ಬೆಣ್ಣೆ’ಗಿಂತ ಒಳ್ಳೆಯ ಉದಾಹರಣೆ ಬೇಡ: ಅಲ್ಲಿ ಬ್ ಆದಮೇಲೆ ‘ಯ’ ನುಸುಳುವುದಿಲ್ಲ. ‘ಬೆಣ್ಣೆ’ ಎನ್ನಿಸಿ, ನಾಲಿಗೆ ಅಲ್ಲೇ ಇರಲಿ, ಬ್ ಮಾತ್ರ ಬಿಡಿಸಿ. ಹಾಗೆಯೇ ಬೆಗ್–ಎಗ್, ಬೆಂಡ್–ಎಂಡ್. ಓಕಾರಕ್ಕೆ ಗೋಲ್ಡ್–ಓಲ್ಡ್. ‘ವೋ’ ಅನ್ನುವಾಗ ತುಟಿ ಮೊದಲು ಚೂಪಾಗಿ ಆಮೇಲೆ ತೆರೆದುಕೊಳ್ಳುತ್ತದೆ. ಚಿಕ್ಕ ಕನ್ನಡಿ ಹಿಡಿದರೆ ಮಗುವಿಗೇ ಕಾಣುತ್ತದೆ.

ಬಿಡಿ ಪದ ಸರಿಹೋದರೂ ವಾಕ್ಯದಲ್ಲಿ ‘ಯ’ ಮರಳಿ ಬರುತ್ತದೆ. ಅದಕ್ಕೆ ಹಿಂದಿನ ಪದಕ್ಕೆ ಅಂಟಿಸಿ: ಆ್ಯನ್ ಎಗ್ ಅನ್ನು ‘ಅ-ನೆಗ್’, ಆ್ಯನ್ ಓಲ್ಡ್ ಮ್ಯಾನ್ ಅನ್ನು ‘ಅ-ನೋಲ್ಡ್ ಮ್ಯಾನ್’. ನಾವು ಊರು, ಎಲ್ಲ ಸೇರಿಸಿ ‘ಊರೆಲ್ಲ’ ಅನ್ನುತ್ತೇವಲ್ಲ, ಹಾಗೆಯೇ. ದಿನಕ್ಕೆ ಐದು ನಿಮಿಷ ಸಾಕು. ಪಠ್ಯದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ‘ಯೆಗ್’ ಎಂದು ಕನ್ನಡದಲ್ಲಿ ಬರೆದುಕೊಳ್ಳುವುದನ್ನು ಮಾತ್ರ ದಯವಿಟ್ಟು ಬಿಡಿಸಿ. ನೀವು ತಿದ್ದಿದ್ದನ್ನು ಅದು ಮನೆಯಲ್ಲಿ ಅಳಿಸಿಹಾಕುತ್ತದೆ.

ಇನ್ನು ‘ವಾಕೆಡ್’. ಕೊನೆಯ ಅಕ್ಷರವಲ್ಲ, ಕೊನೆಯ ಧ್ವನಿ ನೋಡಬೇಕು. ಪ್, ಕ್, ಫ್, ಸ್, ಶ್, ಚ್ ಇದ್ದರೆ ‘ಟ್’: ವಾಕ್ಟ್, ಲಾಫ್ಟ್. ಟ್ ಅಥವಾ ಡ್ ಇದ್ದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಉಳಿದ ಕಡೆ ‘ಡ್’: ಪ್ಲೇಡ್, ಓಪನ್ಡ್. ವಾಕ್ಟ್ ಎನ್ನಲು ನಾಲಿಗೆ ತಡವರಿಸುತ್ತದೆ, ಏಕೆಂದರೆ ನಮ್ಮ ಮಾತು ಸ್ವರದಲ್ಲಿ ಮುಗಿಯಲು ಬಯಸುತ್ತದೆ. ಮುಂದೆ ಸ್ವರ ಕೊಟ್ಟುಬಿಡಿ: ವಾಕ್ಟ್ ಇನ್ ಅನ್ನು ‘ವಾಕ್-ಟಿನ್’ ಎಂದು ಒಡೆದು ಹೇಳಿಸಿದರೆ ಸಲೀಸು.

ಪ್ರಶ್ನೆ: ಮಗಳು ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ನಿಘಂಟಿನ ಧ್ವನಿ ಚಿಹ್ನೆಗಳನ್ನೆಲ್ಲ ಕಲಿಯಲೇಬೇಕೆ?

ಉತ್ತರ: ಬ್ರಿಟಿಷ್ ಉಚ್ಚಾರಣೆಗೆ ಸಾಮಾನ್ಯವಾಗಿ ಲೆಕ್ಕ ಹಾಕುವ 44 ಧ್ವನಿಗಳ ಚಿಹ್ನೆಗಳನ್ನೂ ಬಾಯಿಪಾಠ ಮಾಡುವ ಅಗತ್ಯ ಈಗಿಲ್ಲ. ಒಂದನ್ನು ಮಾತ್ರ ಬಿಡಬೇಡಿ: ಮೇಲ್ಭಾಗದಲ್ಲಿ ನಿಂತ ಸಣ್ಣ ಗೆರೆ. ಅದರ ಮುಂದಿನ ಭಾಗವನ್ನು ಒತ್ತಿ ಹೇಳಬೇಕು. ನಾವು ಎಲ್ಲ ಭಾಗಗಳಿಗೂ ಸಮ ತೂಕ ಕೊಡುತ್ತೇವೆ, ಕೇಳುವವರು ತಬ್ಬಿಬ್ಬಾಗುವುದು ಹೆಚ್ಚಾಗಿ ಅಲ್ಲೇ. ಫೋಟೋಗ್ರಾಫ್‌ನಲ್ಲಿ ಒತ್ತು ‘ಫೋ’ ಮೇಲೆ. ಫೋಟೋಗ್ರಾಫರ್‌ನಲ್ಲಿ ಅದು ಎರಡನೆಯ ಭಾಗಕ್ಕೆ ಸರಿದು, ಮೊದಲಿನ ‘ಫೋ’ ಸಣ್ಣಗಾಗಿ ‘ಫ’ದಂತೆ ಕೇಳುತ್ತದೆ: ‘ಫ-ಟಾ-ಗ್ರ-ಫರ್’. ಹೋಟೆಲ್ ಎಂಬ ನಮ್ಮ ಪದದಲ್ಲೂ ಇಂಗ್ಲಿಷರ ಒತ್ತು ‘ಟೆಲ್’ ಮೇಲೆ, ಡೆವಲಪ್‌ನಲ್ಲಿ ‘ವೆ’ ಮೇಲೆ.